ಜಿಲ್ಲೆ-ತಾಲ್ಲೂಕು ಒಂದಾದಾಗ: ನಮ್ಮ ಕೌನ್ಸಿಲ್‌ಗಳಿಗೆ ಏನಾಗುತ್ತಿದೆ?



"ನಮ್ಮ ಕೌನ್ಸಿಲ್ ಮುಚ್ಚಿ ಹೋಗುತ್ತಂತೆ, ಹೌದೇನ್ರೀ? ಕೌನ್ಸಿಲ್ ಟ್ಯಾಕ್ಸ್ ಇನ್ನು ಯಾರಿಗೆ ಕಟ್ಟೋದು? ಮಗಳ ಸ್ಕೂಲ್ ಅಡ್ಮಿಷನ್ ಏನಾಗುತ್ತೆ?" ಇತ್ತೀಚೆಗೆ ನಮ್ಮ ಬಳಗದ ಸದಸ್ಯರು ಸಿಕ್ಕಾಗಲೆಲ್ಲ ಇದೇ ಪ್ರಶ್ನೆ. ಮನೆಗೆ ಬರುವ ಕೌನ್ಸಿಲ್ ಕರಪತ್ರಗಳನ್ನು ಪಿಜ್ಜಾ ಜಾಹೀರಾತಿನ ಜೊತೆಗೇ ಮರುಬಳಕೆ ಡಬ್ಬಿಗೆ ಹಾಕುವುದು ನಮ್ಮಲ್ಲಿ ಹೆಚ್ಚಿನವರ ಅಭ್ಯಾಸ. ಆದರೆ ಈ ಬಾರಿ ಆ ಕರಪತ್ರದಲ್ಲಿ ಇರುವ ವಿಷಯ ಸಣ್ಣದಲ್ಲ. 1974ರ ನಂತರ ಇಂಗ್ಲೆಂಡಿನ ಸ್ಥಳೀಯ ಆಡಳಿತದಲ್ಲಿ ಇಷ್ಟು ದೊಡ್ಡ ಬದಲಾವಣೆ ಆಗಿರಲಿಲ್ಲ. ಹಾಗಾಗಿ ನಾನು ಓದಿ ತಿಳಿದುಕೊಂಡದ್ದನ್ನು ಸರಳವಾಗಿ ನಿಮ್ಮ ಮುಂದೆ ಇಡುತ್ತಿದ್ದೇನೆ. ಲಂಡನ್, ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್ ಕಡೆ ಇರುವವರು "ಇದು ನಮಗಲ್ಲ" ಎಂದು ಪುಟ ತಿರುಗಿಸಬೇಡಿ. ನಿಮ್ಮ ಊರಿನಲ್ಲಿ ಈ ಕಥೆ ಆಗಲೇ ನಡೆದು ಹೋಗಿದೆ, ಅಷ್ಟೇ!

ಮೊದಲು, ಈಗಿರುವುದು ಏನು?

ನಮ್ಮೂರಿನ ಪಂಚಾಯತ್ ವ್ಯವಸ್ಥೆಯನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಲ್ಲಿ ಜಿಲ್ಲಾ ಪಂಚಾಯತ್, ತಾಲ್ಲೂಕು ಪಂಚಾಯತ್, ಗ್ರಾಮ ಪಂಚಾಯತ್ ಎಂಬ ಮೂರು ಹಂತಗಳು. ಇಂಗ್ಲೆಂಡಿನ ಹಲವು ಕಡೆ ಇದೇ ರೀತಿ ಮೇಲೆ ಕೌಂಟಿ ಕೌನ್ಸಿಲ್, ಅದರ ಕೆಳಗೆ ಡಿಸ್ಟ್ರಿಕ್ಟ್ ಅಥವಾ ಬರೋ ಕೌನ್ಸಿಲ್, ಕೆಲವು ಊರುಗಳಲ್ಲಿ ಅದಕ್ಕೂ ಕೆಳಗೆ ಪ್ಯಾರಿಷ್ ಅಥವಾ ಟೌನ್ ಕೌನ್ಸಿಲ್. ಹೋಲಿಕೆ ಪೂರ್ತಿ ಸರಿಯಲ್ಲ, ಆದರೆ ಲೆಕ್ಕ ಹಿಡಿಯುವುದಕ್ಕೆ ಸಾಕು. ಪ್ಯಾರಿಷ್‌ಗಳನ್ನು ಪಕ್ಕಕ್ಕಿಟ್ಟು ಮುಖ್ಯವಾದ ಎರಡನ್ನೇ ಎಣಿಸಿ ಇಲ್ಲಿನವರು ಇದನ್ನು ಎರಡು ಹಂತದ ವ್ಯವಸ್ಥೆ ಎನ್ನುತ್ತಾರೆ.

ಕೆಲಸ ಹಂಚಿಕೆ ಹೀಗಿದೆ. ಶಾಲೆ, ವೃದ್ಧರ ಮತ್ತು ಅಂಗವಿಕಲರ ಆರೈಕೆ, ಮಕ್ಕಳ ರಕ್ಷಣೆ, ರಸ್ತೆ, ಗ್ರಂಥಾಲಯ, ಜನನ ಮರಣ ನೋಂದಣಿ ಇವೆಲ್ಲ ಕೌಂಟಿಯದು. ಮನೆ ಕಟ್ಟುವ ಪರವಾನಗಿ, ಕೌನ್ಸಿಲ್ ಮನೆಗಳು, ಕಸ ಎತ್ತುವುದು, ಹೋಟೆಲುಗಳ ಶುಚಿತ್ವದ ತಪಾಸಣೆ, ಟ್ಯಾಕ್ಸಿ ಲೈಸೆನ್ಸ್, ಮತದಾರರ ಪಟ್ಟಿ, ಈಜುಕೊಳ, ಕ್ರೀಡಾಂಗಣ ಇವು ಡಿಸ್ಟ್ರಿಕ್ಟ್‌ನದು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಮನೆ ಬಾಗಿಲಿನಿಂದ ಕಸ ಎತ್ತುವವರು ಡಿಸ್ಟ್ರಿಕ್ಟ್ ಆದರೆ, ಎತ್ತಿದ ಕಸವನ್ನು ವಿಲೇವಾರಿ ಮಾಡುವವರು ಕೌಂಟಿ! ರಸ್ತೆ ಗುಡಿಸುವವರು ಒಬ್ಬರು, ಅದೇ ರಸ್ತೆಯ ಗುಂಡಿ ಮುಚ್ಚುವವರು ಇನ್ನೊಬ್ಬರು. ಮನೆ ಹಿಂದೆ ಎಕ್ಸ್‌ಟೆನ್ಷನ್ ಕಟ್ಟಬೇಕೇ, ಡಿಸ್ಟ್ರಿಕ್ಟ್‌ಗೆ ಅರ್ಜಿ. ಮನೆ ಮುಂದೆ ಕಾರು ಹತ್ತಿಸಲು ಫುಟ್‌ಪಾತಿನ ಅಂಚು ತಗ್ಗಿಸಬೇಕೇ, ಕೌಂಟಿಗೆ ಅರ್ಜಿ.

ಇನ್ನೊಂದು ತಮಾಷೆ ಎಂದರೆ ಕೌನ್ಸಿಲ್ ಟ್ಯಾಕ್ಸ್ ಬಿಲ್ ಕಳಿಸುವುದು ಡಿಸ್ಟ್ರಿಕ್ಟ್. ಹಾಗಾಗಿ ದುಡ್ಡೆಲ್ಲ ಅವರ ಜೇಬಿಗೆ ಎಂದು ನಾವು ತಿಳಿಯುತ್ತೇವೆ. ಬಿಲ್‌ನ ಹಿಂದಿನ ಪಟ್ಟಿಯನ್ನು ಒಮ್ಮೆ ನೋಡಿ. ಸುಮಾರು ಮುಕ್ಕಾಲು ಭಾಗ ಹೋಗುವುದು ಕೌಂಟಿಗೆ. ಉಳಿದದ್ದರಲ್ಲಿ ಪೊಲೀಸ್, ಪ್ಯಾರಿಷ್ ಎಲ್ಲರ ಪಾಲೂ ಹೋಗಿ ಡಿಸ್ಟ್ರಿಕ್ಟ್‌ಗೆ ಉಳಿಯುವುದು ಒಂದು ತುಣುಕು. ಬೈಗುಳ ಮಾತ್ರ ಪೂರ್ತಿ ಅವರಿಗೇ.

ಈ ಎರಡನ್ನೂ ಸೇರಿಸಿ, ಎಲ್ಲ ಕೆಲಸವನ್ನೂ ಒಂದೇ ಕೌನ್ಸಿಲ್‌ಗೆ ಕೊಟ್ಟರೆ ಅದಕ್ಕೆ ಯೂನಿಟರಿ ಎಂದು ಹೆಸರು. ನಾವು ಏಕಹಂತದ ಕೌನ್ಸಿಲ್ ಎನ್ನೋಣ.

ಐವತ್ತು ವರ್ಷದ ಜಗ್ಗಾಟ

ಇದು ಹೊಸ ಆಲೋಚನೆಯೇನಲ್ಲ. 1966ರಲ್ಲಿ ನೇಮಕವಾದ ರೆಡ್‌ಕ್ಲಿಫ್-ಮಾಡ್ ಆಯೋಗ 1969ರಲ್ಲಿ ವರದಿ ಕೊಟ್ಟು, ಲಂಡನ್ ಬಿಟ್ಟು ಉಳಿದ ಇಂಗ್ಲೆಂಡಿನ ಬಹುಭಾಗವನ್ನು 58 ಏಕಹಂತದ ಕೌನ್ಸಿಲ್‌ಗಳಾಗಿ ವಿಂಗಡಿಸಬೇಕು ಎಂದಿತ್ತು. ಆಯೋಗದ ಸದಸ್ಯರಲ್ಲೇ ಒಬ್ಬರಾದ ಡೆರೆಕ್ ಸೀನಿಯರ್ ಅದನ್ನು ಒಪ್ಪದೆ, ಎರಡು ಹಂತವೇ ಇರಲಿ ಎಂದು ಉದ್ದವಾದ ಭಿನ್ನಮತದ ಟಿಪ್ಪಣಿ ಬರೆದರು. ಆಗಿನ ಲೇಬರ್ ಸರ್ಕಾರ ವರದಿಯನ್ನು ಒಪ್ಪಿತು. 1970ರಲ್ಲಿ ಗೆದ್ದು ಬಂದ ಕನ್ಸರ್ವೇಟಿವ್ ಸರ್ಕಾರ ಬದಿಗೆ ಸರಿಸಿ, 1972ರ ಕಾಯ್ದೆಯ ಮೂಲಕ ಕೌಂಟಿ-ಡಿಸ್ಟ್ರಿಕ್ಟ್ ವ್ಯವಸ್ಥೆಯನ್ನು ತಂದಿತು. ಅದು ಜಾರಿಗೆ ಬಂದದ್ದು 1974ರ ಏಪ್ರಿಲ್ 1ರಂದು.

ಮುಂದೆ 1986ರಲ್ಲಿ ಗ್ರೇಟರ್ ಲಂಡನ್ ಕೌನ್ಸಿಲ್ ಹಾಗೂ ಆರು ಮಹಾನಗರ ಕೌಂಟಿ ಕೌನ್ಸಿಲ್‌ಗಳು ರದ್ದಾದವು. ಅಲ್ಲಿಂದಾಚೆಗೆ ಲಂಡನ್ ಬರೋಗಳು, ಬರ್ಮಿಂಗ್‌ಹ್ಯಾಮ್, ಲೀಡ್ಸ್, ಮ್ಯಾಂಚೆಸ್ಟರ್ ಇವೆಲ್ಲ ಹೆಚ್ಚುಕಡಿಮೆ ಏಕಹಂತದವೇ. ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ನಮ್ಮ ಬಸವಣ್ಣನವರ ಪ್ರತಿಮೆ ಅನಾವರಣಗೊಂಡ ಲ್ಯಾಂಬೆತ್ ಅಂಥದೇ ಒಂದು ಬರೋ. 1996ರಲ್ಲಿ ಸ್ಕಾಟ್‌ಲೆಂಡ್ ಪೂರ್ತಿಯಾಗಿ 32 ಕೌನ್ಸಿಲ್‌ಗಳಿಗೆ, ವೇಲ್ಸ್ 22 ಕೌನ್ಸಿಲ್‌ಗಳಿಗೆ ಇಳಿದವು. ಉತ್ತರ ಐರ್ಲೆಂಡಿನಲ್ಲಿ 2015ರಲ್ಲಿ 26 ಹೋಗಿ 11 ಆದವು. ಇಂಗ್ಲೆಂಡ್ ಮಾತ್ರ ತುಂಡು ತುಂಡಾಗಿ ನಡೆದುಕೊಂಡು ಬಂತು. 1995ರಿಂದ 1998ರ ನಡುವೆ 46 ಏಕಹಂತದ ಕೌನ್ಸಿಲ್‌ಗಳು ಹುಟ್ಟಿದವು. ಬರ್ಕ್‌ಷೈರ್ ಕೌಂಟಿ ಕೌನ್ಸಿಲ್ ಹೋಗಿ ರೆಡಿಂಗ್, ಸ್ಲೌ, ವೋಕಿಂಗ್‌ಹ್ಯಾಮ್ ಮುಂತಾದ ಆರು ಸ್ವತಂತ್ರವಾದದ್ದು ಆಗಲೇ. 2009ರಲ್ಲಿ ಕಾರ್ನ್‌ವಾಲ್, ಡರಮ್, ವಿಲ್ಟ್‌ಷೈರ್ ಮೊದಲಾದ ಕಡೆ 44 ಕೌನ್ಸಿಲ್‌ಗಳ ಜಾಗದಲ್ಲಿ 9 ಬಂದವು. 2019ರಲ್ಲಿ ಡಾರ್ಸೆಟ್, 2020ರಲ್ಲಿ ಬಕಿಂಗ್‌ಹ್ಯಾಮ್‌ಷೈರ್, 2021ರಲ್ಲಿ ನಾರ್ತಾಂಪ್ಟನ್‌ಷೈರ್, 2023ರಲ್ಲಿ ಕಂಬ್ರಿಯ, ನಾರ್ತ್ ಯಾರ್ಕ್‌ಷೈರ್, ಸಾಮರ್ಸೆಟ್.

2024ರ ಡಿಸೆಂಬರ್ 16ರಂದು ಸರ್ಕಾರ ಶ್ವೇತಪತ್ರ ಹೊರಡಿಸಿ, ಉಳಿದ ಎರಡು ಹಂತದ ಪ್ರದೇಶಗಳೆಲ್ಲವೂ ಏಕಹಂತಕ್ಕೆ ಬರಬೇಕು, ಒಂದೊಂದು ಹೊಸ ಕೌನ್ಸಿಲ್‌ಗೆ ಐದು ಲಕ್ಷ ಅಥವಾ ಹೆಚ್ಚು ಜನಸಂಖ್ಯೆ ಇರುವುದು ಒಳ್ಳೆಯದು ಎಂದಿತು. 2025ರ ಫೆಬ್ರವರಿಯಲ್ಲಿ ಅಂಥ 21 ಪ್ರದೇಶಗಳಿಂದ ಯೋಜನೆಗಳನ್ನು ಕೇಳಲಾಯಿತು. ಎಲ್ಲರಿಗಿಂತ ಮುಂದೆ ಓಡಿದ್ದು ಸರ್ರಿ. ಅಲ್ಲಿನ ಕೌಂಟಿ ಮತ್ತು 11 ಡಿಸ್ಟ್ರಿಕ್ಟ್‌ಗಳ ಬದಲಿಗೆ ಪೂರ್ವ ಸರ್ರಿ, ಪಶ್ಚಿಮ ಸರ್ರಿ ಎಂಬ ಎರಡೇ ಕೌನ್ಸಿಲ್ ಎಂದು 2025ರ ಅಕ್ಟೋಬರ್‌ನಲ್ಲಿ ತೀರ್ಮಾನವಾಯಿತು. ಅವುಗಳ ಆರಂಭಕ್ಕೆ 2027ರ ಏಪ್ರಿಲ್ ಅನ್ನು, ಉಳಿದ ಬಹುತೇಕ ಪ್ರದೇಶಗಳಿಗೆ 2028ರ ಏಪ್ರಿಲ್ ಅನ್ನು ಗೊತ್ತು ಮಾಡಲಾಗಿದೆ.

ಯಾಕೆ ಬೇಕು?

ಇದಕ್ಕೆ ನಮ್ಮ ಮನೆಯದೇ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಮಾವನವರು ಎಪ್ಪತ್ತರ ದಶಕದಲ್ಲಿ ವೈದ್ಯರಾಗಿ ಇಲ್ಲಿಗೆ ಬಂದವರು. ಕೆಲವು ವರ್ಷಗಳ ಹಿಂದೆ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಸ್ನಾನದ ತೊಟ್ಟಿಗೆ ಕಾಲೆತ್ತಿ ಇಳಿಯುವುದು ಅಸಾಧ್ಯವಾಯಿತು. ನೆಲಮಟ್ಟದ ಷವರ್ ಬೇಕು. ಮನೆಗೆ ಬಂದು ಅವರ ಸ್ಥಿತಿ ನೋಡಿ "ಅಗತ್ಯ ಇದೆ" ಎಂದು ಬರೆದು ಕೊಡುವ ಥೆರಪಿಸ್ಟ್ ಕೌಂಟಿಯವರು. ಆ ಕೆಲಸಕ್ಕೆ ಸಹಾಯಧನ ಕೊಡುವುದು ಡಿಸ್ಟ್ರಿಕ್ಟ್. ಇಂಗ್ಲೆಂಡಿನಲ್ಲಿ ಈ ಧನ 30,000 ಪೌಂಡ್‌ವರೆಗೆ ಸಿಗಬಹುದು, ಆದಾಯ ಪರೀಕ್ಷೆ ಇರುತ್ತದೆ. ಒಂದು ಕಚೇರಿ ಬರೆದ ವರದಿ ಇನ್ನೊಂದು ಕಚೇರಿಯ ಮೇಜಿಗೆ ತಲುಪುವ ತನಕ ನಾವು ಎರಡೂ ಕಡೆ ಫೋನ್ ಮಾಡುತ್ತಾ, ಹುಟ್ಟಿದ ದಿನಾಂಕದಿಂದ ಹಿಡಿದು ಎಲ್ಲವನ್ನೂ ಎರಡೆರಡು ಸಲ ಹೇಳುತ್ತಾ ಇದ್ದೆವು. ಇಬ್ಬರೂ ಒಳ್ಳೆಯವರೇ, ಇಬ್ಬರೂ ಸೌಜನ್ಯದಿಂದಲೇ ಮಾತನಾಡಿದರು. ಆದರೆ ಆ ಏಳು ತಿಂಗಳು ಮಾವನವರು ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಬಕೆಟ್ ನೀರಿನಲ್ಲಿ ಮೈ ಒರೆಸಿಕೊಂಡರು. ಸಾವಿರಾರು ರೋಗಿಗಳನ್ನು ನೋಡಿದ ಮನುಷ್ಯ, "ಇರಲಿ ಬಿಡಮ್ಮ, ಊರಲ್ಲಿ ಬಕೆಟ್ ಸ್ನಾನವೇ ತಾನೇ" ಎಂದು ನನ್ನ ಹೆಂಡತಿಯನ್ನು ನಗಿಸುತ್ತಿದ್ದರು.

ಈ ಎರಡೂ ಮೇಜುಗಳು ಒಂದೇ ಸೂರಿನಡಿ ಬರಬೇಕು ಎನ್ನುವುದೇ ಏಕಹಂತದ ಪರವಾಗಿರುವ ಅತಿ ಬಲವಾದ ವಾದ. ಮನೆಯೂ ಆರೈಕೆಯೂ ಒಬ್ಬರ ಕೈಯಲ್ಲಿದ್ದರೆ ಜವಾಬ್ದಾರಿಯೂ ಒಬ್ಬರದೇ. ಎರಡನೆಯ ವಾದ ಖರ್ಚು. ಹನ್ನೆರಡು ಕೌನ್ಸಿಲ್‌ಗೆ ಹನ್ನೆರಡು ಮುಖ್ಯಾಧಿಕಾರಿ, ಹನ್ನೆರಡು ಹಣಕಾಸು ವಿಭಾಗ, ಹನ್ನೆರಡು ಕಂಪ್ಯೂಟರ್ ವ್ಯವಸ್ಥೆ ಯಾಕೆ? ಕೌಂಟಿ ಕೌನ್ಸಿಲ್‌ಗಳ ಒಕ್ಕೂಟಕ್ಕಾಗಿ 2020ರಲ್ಲಿ ಪಿಡಬ್ಲ್ಯೂಸಿ ಮಾಡಿದ ಅಂದಾಜಿನಲ್ಲಿ, ಎರಡು ಹಂತದ ಪ್ರದೇಶಗಳನ್ನೆಲ್ಲ ಕೌಂಟಿಗೊಂದರಂತೆ ಸೇರಿಸಿದರೆ ಐದು ವರ್ಷದಲ್ಲಿ ಸುಮಾರು 290 ಕೋಟಿ ಪೌಂಡ್ ಉಳಿಯಬಹುದು ಎಂದಿತ್ತು. ವರದಿ ಬರೆಸಿದವರು ಕೌಂಟಿಗಳವರು ಎಂಬುದನ್ನೂ ಮರೆಯಬಾರದು. ಒಂದೇ ಕೌಂಟಿಯನ್ನು ಮೂರು ನಾಲ್ಕು ತುಂಡು ಮಾಡಿದರೆ ಉಳಿತಾಯ ಕರಗುತ್ತದೆ, ಏಕೆಂದರೆ ಆರೈಕೆಯಂಥ ದೊಡ್ಡ ಇಲಾಖೆಯನ್ನೇ ಒಡೆಯಬೇಕಾಗುತ್ತದೆ.

ಯಾಕೆ ಬೇಡ?

ನಾಣ್ಯಕ್ಕೆ ಇನ್ನೊಂದು ಮುಖ ಇದೆ. ಅದೇ ಷವರ್ ಕೆಲಸ ಕೊನೆಗೆ ಮುಂದಕ್ಕೆ ಹೋದದ್ದು ಹೇಗೆ ಗೊತ್ತೇ? ನಮ್ಮ ವಾರ್ಡಿನ ಡಿಸ್ಟ್ರಿಕ್ಟ್ ಕೌನ್ಸಿಲರ್ ಎರಡು ಬೀದಿ ಆಚೆ ಇದ್ದಾರೆ. ನಾಯಿ ತಿರುಗಾಡಿಸುವಾಗ ಸಿಕ್ಕಿದರು, ವಿಷಯ ಹೇಳಿದೆ. ಮರುವಾರವೇ ಕಡತ ಚಲಿಸಿತು. ಐದು ಲಕ್ಷ ಜನರ ಕೌನ್ಸಿಲ್‌ನಲ್ಲಿ ಅಂಥ ಕೌನ್ಸಿಲರ್ ಎಷ್ಟು ಬೀದಿ ಆಚೆ ಇರುತ್ತಾರೆ? ಬಕಿಂಗ್‌ಹ್ಯಾಮ್‌ಷೈರ್‌ನಲ್ಲಿ ಹೊಸ ಕೌನ್ಸಿಲ್‌ನ ಮೊದಲ ಚುನಾವಣೆಯಲ್ಲಿ 147 ಸದಸ್ಯರು ಆಯ್ಕೆಯಾದರು. 2025ರ ಚುನಾವಣೆಯಲ್ಲಿ ಅದು 97ಕ್ಕೆ ಇಳಿಯಿತು. ಒಬ್ಬೊಬ್ಬರ ಮಡಿಲಿಗೆ ಬೀಳುವ ಊರುಗಳು, ಪತ್ರಗಳು, ಗೋಳುಗಳು ಹೆಚ್ಚಾದವು.

ಇನ್ನು ದೊಡ್ಡದಾದರೆ ಗಟ್ಟಿಯಾಗುತ್ತದೆ ಎಂಬ ನಂಬಿಕೆ. ನಾರ್ತಾಂಪ್ಟನ್‌ಷೈರ್ ಕೌಂಟಿ ಕೌನ್ಸಿಲ್ 2018ರ ಫೆಬ್ರವರಿಯಲ್ಲಿ ಸೆಕ್ಷನ್ 114 ನೋಟಿಸ್ ಹೊರಡಿಸಿತು. ಎಂದರೆ, ಬಜೆಟ್ ಸರಿದೂಗಿಸಲು ಆಗುತ್ತಿಲ್ಲ, ಕಾನೂನಿನಂತೆ ಮಾಡಲೇಬೇಕಾದ್ದನ್ನು ಬಿಟ್ಟು ಹೊಸ ಖರ್ಚು ಬಂದ್. ಆ ಪ್ರಕರಣದಿಂದಲೇ ಅಲ್ಲಿನ ಎಂಟು ಕೌನ್ಸಿಲ್‌ಗಳು ಹೋಗಿ ಎರಡು ಬಂದವು. ಸರಿ, ಎರಡು ಹಂತ ಸೋತಿತು ಎನ್ನೋಣ. ಆದರೆ 2021ರಲ್ಲಿ ಸ್ಲೌ, 2022ರಲ್ಲಿ ಥರಕ್, 2023ರಲ್ಲಿ ಬರ್ಮಿಂಗ್‌ಹ್ಯಾಮ್ ಇವೂ ಅದೇ ನೋಟಿಸ್ ಹೊರಡಿಸಿದವು. ಮೂರೂ ಏಕಹಂತದವೇ! ಬರ್ಮಿಂಗ್‌ಹ್ಯಾಮ್ ಅಂತೂ ದೇಶದ ಅತಿ ದೊಡ್ಡ ಕೌನ್ಸಿಲ್. 2023ರ ಏಪ್ರಿಲ್‌ನಲ್ಲಿ ಹುಟ್ಟಿದ ಸಾಮರ್ಸೆಟ್ ಕೌನ್ಸಿಲ್ ಅದೇ ನವೆಂಬರ್‌ನಲ್ಲಿ ಹಣಕಾಸಿನ ತುರ್ತು ಪರಿಸ್ಥಿತಿ ಘೋಷಿಸಿತು. ವೃದ್ಧರ ಆರೈಕೆ ಮತ್ತು ಮಕ್ಕಳ ಸೇವೆಯ ಖರ್ಚು ಬರುವ ಆದಾಯಕ್ಕಿಂತ ವೇಗವಾಗಿ ಬೆಳೆಯುತ್ತಿರುವಾಗ ಕಚೇರಿಯ ಬೋರ್ಡ್ ಬದಲಿಸಿದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ. ಬೇರೆ ಅಡುಗೆ ಮಾಡುತ್ತಿದ್ದ ಅಣ್ಣತಮ್ಮಂದಿರು ಒಂದೇ ಒಲೆ ಹಚ್ಚಿದರೆ ಸೌದೆ ಉಳಿಯಬಹುದು, ಅಕ್ಕಿ ಹೆಚ್ಚಾಗುವುದಿಲ್ಲ.

ಸಾಲದ ಪ್ರಶ್ನೆಯೂ ಇದೆ. ಸರ್ರಿಯ ವೋಕಿಂಗ್ ಬರೋ ಊರ ನಡುವೆ ಗಗನಚುಂಬಿ ಕಟ್ಟಡಗಳಿಗೆ ದುಡ್ಡು ಸುರಿದು, 2023ರ ಜೂನ್‌ನಲ್ಲಿ ನೋಟಿಸ್ ಹೊರಡಿಸಿದಾಗ ಸಾಲ 200 ಕೋಟಿ ಪೌಂಡ್ ಸಮೀಪಕ್ಕೆ ಹೋಗಿತ್ತು. ಆ ಸಾಲದಲ್ಲಿ 50 ಕೋಟಿ ಪೌಂಡ್ ತಾನೇ ತೀರಿಸುವುದಾಗಿ ಸರ್ಕಾರ 2025ರಲ್ಲಿ ಮಾತು ಕೊಟ್ಟಿತು. ಉಳಿದದ್ದು? ವೋಕಿಂಗ್‌ನ ಜೊತೆ ಒಂದೇ ಕೌನ್ಸಿಲ್‌ಗೆ ಸೇರುವ ಗಿಲ್ಫರ್ಡ್, ವೇವರ್ಲಿ ಕಡೆಯ ಜನ ಕೇಳುತ್ತಿರುವುದು ಇದನ್ನೇ. ಅವಿಭಕ್ತ ಕುಟುಂಬದ ಲೆಕ್ಕ ಬಲ್ಲ ನಮಗೆ ಇದು ಹೊಸದಲ್ಲ.

ನಮ್ಮ ಮನೆಗೆ ಏನು ಬದಲಾವಣೆ?

ಕೌನ್ಸಿಲ್ ಟ್ಯಾಕ್ಸ್: ಒಂದೇ ಕೌಂಟಿಯ ಬೇರೆ ಬೇರೆ ಡಿಸ್ಟ್ರಿಕ್ಟ್‌ಗಳಲ್ಲಿ ದರ ಬೇರೆ ಬೇರೆ. ಒಂದಾದ ಮೇಲೆ ಎಲ್ಲರಿಗೂ ಒಂದೇ ದರ ಆಗಬೇಕು. ಇದಕ್ಕೆ ಏಳು ವರ್ಷದವರೆಗೆ ಕಾಲಾವಕಾಶ ಉಂಟು. ಕಡಿಮೆ ಕಟ್ಟುತ್ತಿದ್ದವರಿಗೆ ಏರಿಕೆ ಸ್ವಲ್ಪ ಜಾಸ್ತಿ ಆಗಬಹುದು. ಮನೆಯ ಬ್ಯಾಂಡ್ ಇದರಿಂದ ಬದಲಾಗುವುದಿಲ್ಲ. ಅದು 1991ರ ಏಪ್ರಿಲ್ 1ರ ಬೆಲೆಯ ಮೇಲೆ ನಿಂತಿದೆ.

ಶಾಲೆ: ಅಡ್ಮಿಷನ್ ನಿಯಮಗಳು ಒಂದೇ ರಾತ್ರಿಯಲ್ಲಿ ತಲೆಕೆಳಗಾಗುವುದಿಲ್ಲ. ಆದರೆ ಕೌಂಟಿ ಇಬ್ಭಾಗವಾಗುವ ಕಡೆ ನಿಮ್ಮ ಮನೆ ಒಂದು ಕೌನ್ಸಿಲ್‌ನಲ್ಲಿ, ಬಯಸುವ ಶಾಲೆ ಇನ್ನೊಂದರಲ್ಲಿ ಇರಬಹುದು. ಗಡಿಯಾಚೆಯ ಶಾಲೆಗೂ ಅರ್ಜಿ ಹಾಕುವ ಹಕ್ಕು ಈಗಲೂ ಇದೆ. ಅರ್ಜಿ ಮಾತ್ರ ನೀವು ವಾಸಿಸುವ ಕೌನ್ಸಿಲ್‌ನ ಮೂಲಕವೇ ಹೋಗಬೇಕು. ಸೆಪ್ಟೆಂಬರ್‌ನಲ್ಲಿ ಅರ್ಜಿ ತುಂಬುವವರು ನಕ್ಷೆ ನೋಡಿಕೊಳ್ಳಿ.

ವಿಳಾಸ: ಬದಲಾಗುವುದಿಲ್ಲ. ಮಿಡ್ಲ್‌ಸೆಕ್ಸ್ ಕೌಂಟಿ ಕೌನ್ಸಿಲ್ 1965ರಲ್ಲೇ ಇಲ್ಲವಾಯಿತು. ಹ್ಯಾರೋ ಕಡೆಯ ನಮ್ಮ ಸ್ನೇಹಿತರು ಇಂದಿಗೂ ವಿಳಾಸದಲ್ಲಿ ಮಿಡ್ಲ್‌ಸೆಕ್ಸ್ ಬರೆಯುತ್ತಾರೆ, ಕ್ರಿಕೆಟ್ ತಂಡವೂ ಅದೇ ಹೆಸರಿನಲ್ಲಿ ಆಡುತ್ತದೆ.

ಸಭಾಂಗಣ: ಇದು ನಮ್ಮಂಥ ಸಂಘಗಳಿಗೆ ಮುಖ್ಯ. ಯುಗಾದಿಗೆ, ರಾಜ್ಯೋತ್ಸವಕ್ಕೆ ನಾವು ಹಿಡಿಯುವ ಹಾಲ್‌ಗಳಲ್ಲಿ ಎಷ್ಟೋ ಡಿಸ್ಟ್ರಿಕ್ಟ್ ಕೌನ್ಸಿಲ್‌ಗಳ ಆಸ್ತಿ. ಕೌನ್ಸಿಲ್ ಬದಲಾದ ದಿನ ಆಸ್ತಿಯೂ ಒಪ್ಪಂದಗಳೂ ಹೊಸ ಕೌನ್ಸಿಲ್‌ಗೆ ಹೋಗುತ್ತವೆ. ಆದರೆ ಬಾಯಿಮಾತಿನ ರಿಯಾಯಿತಿಗಳು ಹೋಗುವುದಿಲ್ಲ. ಸಣ್ಣ ಹಾಲ್‌ಗಳನ್ನು ಮೊದಲೇ ಪ್ಯಾರಿಷ್ ಅಥವಾ ಟೌನ್ ಕೌನ್ಸಿಲ್‌ಗೆ ವಹಿಸಿಕೊಡುವುದೂ ಉಂಟು. ದರ, ರಿಯಾಯಿತಿ, ಅನುದಾನ ಏನೇ ಇದ್ದರೂ ಈಗಲೇ ಬರವಣಿಗೆಯಲ್ಲಿ ತೆಗೆದುಕೊಂಡಿರುವುದು ಜಾಣತನ.

ಅತ್ತ ಬೆಂಗಳೂರಿನಲ್ಲಿ

ವಿಚಿತ್ರ ನೋಡಿ, ಇಲ್ಲಿ ಸೇರಿಸುತ್ತಿರುವ ಹೊತ್ತಿಗೆ ಅಲ್ಲಿ ಒಡೆದಿದ್ದಾರೆ. 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೆ ಯಲಹಂಕ, ಬೊಮ್ಮನಹಳ್ಳಿ, ಮಹದೇವಪುರ ಮುಂತಾದ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಾಡಿದರು. ಹಳ್ಳಿಗಳಿಗೆ ಕಾವೇರಿ ನೀರು, ಒಳಚರಂಡಿ ಬೇಗ ಬರುತ್ತದೆ ಎಂಬ ಭರವಸೆ ಇತ್ತು. ಎಷ್ಟೋ ಕಡೆ ತೆರಿಗೆ ಮೊದಲು ಬಂತು, ನೀರು ವರ್ಷಗಳ ನಂತರ ಬಂತು. 2020ರ ಸೆಪ್ಟೆಂಬರ್‌ನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ಬಿಬಿಎಂಪಿ ಕೊನೆಯವರೆಗೂ ಆಡಳಿತಾಧಿಕಾರಿಗಳ ಕೈಯಲ್ಲೇ ಉಳಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಐದು ನಗರ ಪಾಲಿಕೆಗಳಾಗಿ ವಿಂಗಡಿಸಿ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇಟ್ಟರು. ಎಂದರೆ ಒಂದು ಹಂತ ಹೋಗಿ ಎರಡು ಹಂತ! ಸರಿಯಾದ ಗಾತ್ರ ಎಂಬುದು ಎಲ್ಲೂ ಇಲ್ಲ ಎಂದು ನನಗೆ ಅನಿಸುವುದು ಇದಕ್ಕೇ. ಚಿಕ್ಕದಾದರೆ ಶಕ್ತಿ ಸಾಲದು, ದೊಡ್ಡದಾದರೆ ಕಿವಿ ಕೇಳದು. ಹತ್ತಿರದಿಂದ ಕೇಳುವವರು, ಕೇಳಿಸಿಕೊಳ್ಳುವವರು ಇದ್ದಾರೋ ಇಲ್ಲವೋ ಎಂಬುದೇ ಮುಖ್ಯ.

ನಾವೇನು ಮಾಡಬಹುದು?

ಒಂದು, ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿ. "ನಮ್ಮದು ಇನ್ನೂ ಇಂಡಿಯನ್ ಪಾಸ್‌ಪೋರ್ಟ್" ಎಂದು ಹಿಂಜರಿಯುವವರು ಬಹಳ. ಇಲ್ಲಿ ಇರಲು ವೀಸಾ ಅಥವಾ ಅನುಮತಿ ಇರುವ ಭಾರತೀಯ ಪ್ರಜೆಗಳು ಕಾಮನ್‌ವೆಲ್ತ್ ನಾಗರಿಕರೆಂಬ ನೆಲೆಯಲ್ಲಿ ಮತ ಹಾಕಬಹುದು, ಬ್ರಿಟಿಷ್ ಪೌರತ್ವ ಬೇಕಿಲ್ಲ. 2023ರಿಂದ ಇಂಗ್ಲೆಂಡಿನ ಮತಗಟ್ಟೆಯಲ್ಲಿ ಫೋಟೋ ಇರುವ ಗುರುತಿನ ಚೀಟಿ ಕೇಳುತ್ತಾರೆ. ಭಾರತದ ಪಾಸ್‌ಪೋರ್ಟೂ ಅದಕ್ಕೆ ನಡೆಯುತ್ತದೆ.

ಎರಡು, ನಿಮ್ಮ ಪ್ರದೇಶದ ಯೋಜನೆಯ ಬಗ್ಗೆ ಅಭಿಪ್ರಾಯ ಕೇಳುವ ಪತ್ರ ಬಂದರೆ ಉತ್ತರಿಸಿ. ನಾಲ್ಕು ಸಾಲು ಸಾಕು. ವಯಸ್ಸಾದವರ ಆರೈಕೆ, ಹಾಲ್‌ಗಳು, ಬಸ್ಸು, ನಿಮಗೆ ಮುಖ್ಯವಾದದ್ದನ್ನು ಬರೆಯಿರಿ.

ಮೂರು, ಪ್ಯಾರಿಷ್ ಕೌನ್ಸಿಲ್ ಕಡೆ ಕಣ್ಣಿಡಿ. ಡಿಸ್ಟ್ರಿಕ್ಟ್ ಹೋದ ಮೇಲೆ ಊರಿಗೆ ಹತ್ತಿರ ಉಳಿಯುವುದು ಅದೊಂದೇ. ಅಲ್ಲಿ ಸದಸ್ಯರ ಸ್ಥಾನಗಳು ಎಷ್ಟೋ ಸಲ ಸ್ಪರ್ಧೆಯೇ ಇಲ್ಲದೆ ತುಂಬುತ್ತವೆ, ಕೆಲವು ಖಾಲಿಯೇ ಉಳಿಯುತ್ತವೆ. ಖಾಯಂ ವಾಸದ ಅನುಮತಿ ಇರುವ ಭಾರತೀಯ ಪ್ರಜೆಗಳು ಸ್ಪರ್ಧಿಸಲೂಬಹುದು.

ನಾಲ್ಕು, ಮನೆಯಲ್ಲಿ ಹಿರಿಯರಿದ್ದು ಆರೈಕೆ ಅಥವಾ ಮನೆ ಮಾರ್ಪಾಡಿನ ಅರ್ಜಿ ನಡೆಯುತ್ತಿದ್ದರೆ ಎಲ್ಲ ಪತ್ರಗಳ ಪ್ರತಿ ಒಂದು ಕಡತದಲ್ಲಿ ಇಟ್ಟುಕೊಳ್ಳಿ. ಕಚೇರಿಗಳು ಬದಲಾಗುವಾಗ ಕಂಪ್ಯೂಟರ್‌ಗಳು ಮರೆಯಬಹುದು, ಕಾಗದ ಮರೆಯುವುದಿಲ್ಲ.

ನಮ್ಮಲ್ಲಿ ಹೆಚ್ಚಿನವರು ವೆಸ್ಟ್‌ಮಿನ್‌ಸ್ಟರ್ ಸುದ್ದಿಯನ್ನೂ ವಿಧಾನಸೌಧದ ಸುದ್ದಿಯನ್ನೂ ತಪ್ಪದೆ ಓದುತ್ತೇವೆ, ನಡುವಿನ ಕೌನ್ಸಿಲ್ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಆದರೆ ವಯಸ್ಸಾದ ಮೇಲೆ ನಮ್ಮ ಮನೆ ಬಾಗಿಲು ತಟ್ಟುವುದು ಪ್ರಧಾನಿಗಳಲ್ಲ, ಕೌನ್ಸಿಲ್‌ನವರೇ. ಅವರು ಯಾರು ಎಂದು ಈಗಲೇ ತಿಳಿದುಕೊಂಡಿರೋಣ. ನಿಮ್ಮ ಊರಿನಲ್ಲಿ ಈ ಬದಲಾವಣೆ ಆಗಲೇ ಆಗಿದ್ದರೆ ನಿಮ್ಮ ಅನುಭವ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಂಚಿಕೊಳ್ಳೋಣ.


ನಿಮ್ಮ ಬಳಗದ ಒಬ್ಬ ಸದಸ್ಯ